ಹಾಲಿನ ಪೊಟ್ಟಣ ದಾರಿಯಲ್ಲೇಕೆ ಕೆಡುವುದಿಲ್ಲ?

ಪ್ರಶ್ನೆ: ಖಾನಾಪುರದ ಹಳ್ಳಿಯಲ್ಲಿ ಕರೆದ ಹಾಲು ಬೆಳಗಾವಿ ಮಹಾಂತೇಶ ನಗರದ ಹಾಲು ಒಕ್ಕೂಟದ ಡೇರಿಗೆ ಹೋಗಿ, ನಂದಿನಿ ಪೊಟ್ಟಣವಾಗಿ ಮನೆಗೆ ಬರುವ ತನಕ ಒಡೆಯದೆ ಉಳಿಯುವುದು ಹೇಗೆ?

ಹಾಲಿನ ಆಯುಸ್ಸನ್ನು ನಿರ್ಧರಿಸುವುದು ತಂಪು. ಹೆಪ್ಪು ಹಾಕಿದ ಹಾಲು ಬೇಸಿಗೆಯಲ್ಲಿ ಬೇಗ, ಚಳಿಗಾಲದಲ್ಲಿ ತಡವಾಗಿ ಮೊಸರಾಗುತ್ತದೆ. ಹಸಿ ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳೂ ಹಾಗೆಯೇ, ಬೆಚ್ಚಗಿದ್ದಷ್ಟೂ ಬೇಗ ಬೆಳೆದು ಹಾಲನ್ನು ಹುಳಿಯಾಗಿಸುತ್ತವೆ. ಅದಕ್ಕೇ ಹಳ್ಳಿಯ ಸಂಘದಲ್ಲಿ ಜಿಡ್ಡಿನ ಅಂಶ ಅಳೆದ ಹಾಲನ್ನು ಶೀತಲೀಕರಣ ಘಟಕದಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುತ್ತಾರೆ. ಡೇರಿಯಲ್ಲಿ ಟ್ಯಾಂಕರಿನ ಹಾಲಿಗೆ ಹುಳಿ, ಕಲಬೆರಕೆಯ ಪರೀಕ್ಷೆ ನಡೆಯುತ್ತದೆ. ಪಾಸಾದದ್ದನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ, ತಕ್ಷಣ ತಣಿಸಿ ಪೊಟ್ಟಣಕ್ಕೆ ತುಂಬುತ್ತಾರೆ. ಇದೇ ಪಾಶ್ಚರೀಕರಣ. ಇದರಿಂದ ರೋಗಾಣುಗಳು ಸಾಯುತ್ತವೆ, ಹಾಲು ಕೆಡಿಸುವ ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಉಳಿದುಬಿಡುತ್ತವೆ.

ಹೇಗೂ ಮನೆಯಲ್ಲಿ ಕುದಿಸುತ್ತೇವಲ್ಲ, ದಾರಿಯುದ್ದಕ್ಕೂ ತಂಪೇಕೆ ಎಂದು ಕೇಳಬಹುದು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಆಗಲೇ ಉಂಟುಮಾಡಿದ ಹುಳಿ ಹೋಗುವುದಿಲ್ಲ. ಒಲೆಯ ಮೇಲೆ ಹಾಲು ಒಡೆಯುವುದು ಆ ಹುಳಿಯಿಂದಲೇ. ಹೀಗಾಗಿ ಡೇರಿಯ ಪರೀಕ್ಷೆಗಳಷ್ಟೇ ಮಹತ್ವ ಕೊನೆಯ ಒಂದೆರಡು ಕಿಲೋಮೀಟರಿಗೂ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯ ಮುಂದೆ ಕ್ರೇಟು ಬಿಸಿಲಿಗೆ ಬಿದ್ದರೆ ಹಿಂದಿನ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಪೊಟ್ಟಣದ ಮೇಲಿನ ದಿನಾಂಕ ತಂಪಾಗಿಟ್ಟ ಹಾಲಿಗೆ ಮಾತ್ರ ಅನ್ವಯಿಸುತ್ತದೆ. ಕೊಳ್ಳುವಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಬೇರೆ ಪೊಟ್ಟಣ ಕೇಳಿ.