ಗೇಮಿಫಿಕೇಶನ್ ಮಾಡೆಲಿಂಗ್ ಲ್ಯಾಂಗ್ವೇಜ್

ಗೇಮಿಫಿಕೇಶನ್ ಮಾಡೆಲಿಂಗ್ ಲ್ಯಾಂಗ್ವೇಜ್ (ಸಂಕ್ಷಿಪ್ತವಾಗಿ ಗ್ಯಾಮ್‌ಎಲ್) ಎಂಬುದು ವ್ಯವಹಾರ ತಂತ್ರಾಂಶಗಳಿಗೆ ಆಟದ ಅಂಶಗಳನ್ನು ಸೇರಿಸುವ ನಿಯಮಗಳನ್ನು ಬರೆಯಲು ರೂಪಿಸಲಾದ ಒಂದು ಕ್ಷೇತ್ರನಿರ್ದಿಷ್ಟ ಭಾಷೆ. ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಫಿಲಿಪ್ ಹರ್ಜಿಗ್ ಮತ್ತು ಅವರ ಸಹಲೇಖಕರು ಇದನ್ನು 2013ರಲ್ಲಿ ಪ್ರಕಟಿಸಿದರು.

ಹಿನ್ನೆಲೆ

ಆಟವಲ್ಲದ ಸಂದರ್ಭಗಳಲ್ಲಿ ಆಟದ ವಿನ್ಯಾಸದ ಅಂಶಗಳನ್ನು ಬಳಸುವುದೇ ಗೇಮಿಫಿಕೇಶನ್ ಎಂದು ಸೆಬಾಸ್ಟಿಯನ್ ಡಿಟರ್ಡಿಂಗ್ ಮತ್ತು ಸಂಗಡಿಗರು 2011ರಲ್ಲಿ ವ್ಯಾಖ್ಯಾನಿಸಿದರು. ಅಂಕ, ಪದಕ, ಹಂತ, ಶ್ರೇಯಾಂಕ ಪಟ್ಟಿ ಇವು ಅದರ ಪರಿಚಿತ ರೂಪಗಳು. ಯಾವ ಕೆಲಸಕ್ಕೆ ಏನು ಸಿಗಬೇಕೆಂಬುದನ್ನು ಆ ಕೆಲಸ ಬಲ್ಲವರು ನಿರ್ಧರಿಸುತ್ತಾರೆ. ಅದನ್ನು ಸಂಕೇತವಾಗಿ ಬರೆಯುವವರು ಪ್ರೋಗ್ರಾಮರುಗಳು. ಇಬ್ಬರ ನಡುವೆ ಕೈ ಬದಲಾಗುವಾಗ ನಿಯಮದ ಅರ್ಥವೂ ಬದಲಾಗುವ ಸಾಧ್ಯತೆಯಿದೆ. ಇಬ್ಬರೂ ಓದಬಲ್ಲ ಒಂದೇ ಪಠ್ಯವನ್ನು ಒದಗಿಸುವುದು ಇಂತಹ ಭಾಷೆಯ ಉದ್ದೇಶ. ದತ್ತಸಂಚಯಗಳ ಕ್ಷೇತ್ರದಲ್ಲಿ ಎಸ್‌ಕ್ಯೂಎಲ್ ಮಾಡುತ್ತಿರುವುದೂ ಬಹುಮಟ್ಟಿಗೆ ಇದನ್ನೇ.

ವಿನ್ಯಾಸದ ಸಮಸ್ಯೆ

ಗ್ರಾಹಕ ಸೇವಾ ಕೇಂದ್ರವೊಂದರಲ್ಲಿ "ವಾರಕ್ಕೆ ಹತ್ತು ದೂರುಗಳನ್ನು ಪರಿಹರಿಸಿದವರಿಗೆ ಪದಕ" ಎಂಬ ನಿಯಮವಿದೆ ಎಂದು ಭಾವಿಸೋಣ. ಮೇಲ್ನೋಟಕ್ಕೆ ಇದು ಸ್ಪಷ್ಟ. ಆದರೆ ವಾರವೆಂದರೆ ಸೋಮವಾರದಿಂದ ಭಾನುವಾರದವರೆಗೋ, ಕಳೆದ ಏಳು ದಿನಗಳೋ? ಗ್ರಾಹಕರು ದೂರನ್ನು ಮತ್ತೆ ತೆರೆದರೆ ಎಣಿಕೆ ಇಳಿಯಬೇಕೇ? ಇಬ್ಬರು ಸೇರಿ ಪರಿಹರಿಸಿದರೆ ಅಂಕ ಯಾರಿಗೆ? ಸಾಮಾನ್ಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಪ್ರಶ್ನೆಗಳನ್ನು ಪ್ರೋಗ್ರಾಮರ್ ತನಗೆ ತೋಚಿದಂತೆ ಬಗೆಹರಿಸುತ್ತಾನೆ, ಮತ್ತು ಆ ತೀರ್ಮಾನ ಸಾವಿರಾರು ಸಾಲುಗಳ ಸಂಕೇತದೊಳಗೆ ಹುದುಗಿಹೋಗುತ್ತದೆ. ಕ್ಷೇತ್ರನಿರ್ದಿಷ್ಟ ಭಾಷೆಯ ವ್ಯಾಕರಣವು ಇವುಗಳನ್ನು ಕಡ್ಡಾಯವಾಗಿ ಕೇಳುವಂತೆ ರಚಿಸಬಹುದು. ಅಂತಹ ಒಂದು ಕಾಲ್ಪನಿಕ ಭಾಷೆಯಲ್ಲಿ (ಇದು ಗ್ಯಾಮ್‌ಎಲ್‌ನ ವಾಕ್ಯರಚನೆಯಲ್ಲ) ನಿಯಮ ಹೀಗಿರಬಹುದು:

ಪದಕ "ಪರಿಹಾರಕ": ಘಟನೆ ದೂರು-ಮುಕ್ತಾಯ, ಎಣಿಕೆ 10, ಅವಧಿ ಕಳೆದ 7 ದಿನ, ಮರುತೆರೆದರೆ ಕಳೆ

ಅವಧಿಯನ್ನು ಬರೆಯದಿದ್ದರೆ ಸಂಪಾದಕ ತಂತ್ರಾಂಶವು ಅಲ್ಲಿಯೇ ದೋಷ ತೋರಿಸುತ್ತದೆ. ವ್ಯಾಕರಣವನ್ನು ಕೊಟ್ಟರೆ ಇಂತಹ ಸಂಪಾದಕವನ್ನು ಸಿದ್ಧಪಡಿಸಿಕೊಡುವ ಎಕ್ಸ್‌ಟೆಕ್ಸ್ಟ್‌ನಂತಹ ಸಾಧನಗಳಿವೆ. ಬರೆದ ನಿಯಮವನ್ನು ಡ್ರೂಲ್ಸ್‌ನಂತಹ ನಿಯಮ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಪರಿವರ್ತಿಸಲಾಗುತ್ತದೆ.

ಪದಸಂಪತ್ತು ಎಷ್ಟಿರಬೇಕೆಂಬುದು ಇನ್ನೊಂದು ಕಠಿಣ ನಿರ್ಧಾರ. ಪ್ರತಿಯೊಂದು ವಿನಾಯಿತಿಗೂ ಹೊಸ ಪದ ಸೇರಿಸುತ್ತ ಹೋದರೆ ಭಾಷೆಯು ಮತ್ತೆ ಪ್ರೋಗ್ರಾಮರುಗಳ ಸೊತ್ತಾಗುತ್ತದೆ. ತೀರ ಕಡಿಮೆಯಾದರೆ ಕೆಲಸಕ್ಕೆ ಬಾರದು.

ಮಿತಿಗಳು

ವ್ಯಾಕರಣ ಸರಿಯಿದ್ದ ಮಾತ್ರಕ್ಕೆ ನಿಯಮ ಒಳ್ಳೆಯದಾಗುವುದಿಲ್ಲ. ಮುಕ್ತಾಯದ ಸಂಖ್ಯೆಗೆ ಪದಕ ಕೊಟ್ಟರೆ ಪರಿಹಾರವಾಗದ ದೂರುಗಳೂ ಮುಕ್ತಾಯಗೊಳ್ಳುತ್ತವೆ. ಇದನ್ನು ಯಾವ ಕಂಪೈಲರೂ ಹಿಡಿಯಲಾರದು. 2014ರ ವೇಳೆಗೆ ಗೇಮಿಫಿಕೇಶನ್ ಅಳವಡಿಸಿದ ಅನ್ವಯಗಳಲ್ಲಿ ಶೇಕಡಾ 80ರಷ್ಟು ತಮ್ಮ ವ್ಯವಹಾರದ ಗುರಿ ತಲುಪಲಾರವು, ಅದಕ್ಕೆ ಮುಖ್ಯ ಕಾರಣ ಕಳಪೆ ವಿನ್ಯಾಸ ಎಂದು ಗಾರ್ಟ್ನರ್ ಸಂಸ್ಥೆ 2012ರಲ್ಲಿ ಅಂದಾಜಿಸಿತ್ತು.

ಅಂಕ ಎಣಿಸುವ ವ್ಯವಸ್ಥೆಯು ನೌಕರರ ಮೇಲೆ ಕಣ್ಣಿಡುವ ವ್ಯವಸ್ಥೆಯೂ ಹೌದು. ಜರ್ಮನಿಯ ಉದ್ಯಮ ಸಂವಿಧಾನ ಕಾಯಿದೆಯ 87ನೆಯ ವಿಧಿಯ ಪ್ರಕಾರ, ನೌಕರರ ನಡತೆ ಅಥವಾ ಕಾರ್ಯಕ್ಷಮತೆಯನ್ನು ಗಮನಿಸುವ ತಾಂತ್ರಿಕ ವ್ಯವಸ್ಥೆಗಳ ವಿಷಯದಲ್ಲಿ ನೌಕರ ಮಂಡಳಿಗೆ ಸಹನಿರ್ಣಯದ ಹಕ್ಕಿದೆ. ಜಾವಾ ಸಂಕೇತವನ್ನು ಅಂತಹ ಮಂಡಳಿಯ ಮುಂದಿಟ್ಟು ಚರ್ಚಿಸುವುದು ಕಷ್ಟ. ಮೇಲಿನಂತಹ ನಾಲ್ಕು ಪದಗುಚ್ಛಗಳ ನಿಯಮವನ್ನು ಸದಸ್ಯರು ತಾವೇ ಓದಿ, "ಮರುತೆರೆದರೆ ಕಳೆ" ಎಂಬುದನ್ನು ತೆಗೆಯಬೇಕೆಂದು ಕೇಳಬಹುದು.