ಸಿಹಿಕುಂಬಳ: ಸ್ವಕೀಯ ಪರಾಗಸ್ಪರ್ಶ ಹಾಗೂ ಸಂಕರಣದ ಮೂಲಕ ತಳಿ ಅಭಿವೃದ್ಧಿ

ಸಿಹಿಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂಗಳು ಮತ್ತು ಹೆಣ್ಣು ಹೂಗಳು ಪ್ರತ್ಯೇಕವಾಗಿ ಬಿಡುತ್ತವೆ. ಪರಾಗವನ್ನು ಜೇನುನೊಣಗಳು ಸಾಗಿಸುವುದರಿಂದ ಅಕ್ಕಪಕ್ಕದ ಹೊಲಗಳ ತಳಿಗಳು ಸುಲಭವಾಗಿ ಬೆರೆಯುತ್ತವೆ. ಕಾಯಿಯ ಆಕಾರ, ಬಣ್ಣ ಹಾಗೂ ತಿರುಳು ತಾಯಿ ಬಳ್ಳಿಯ ಗುಣವನ್ನಷ್ಟೇ ತೋರಿಸುತ್ತವೆ. ಪರಾಗ ನೀಡಿದ ಬಳ್ಳಿಯ ಗುಣವು ಬೀಜದಲ್ಲಿ ಅಡಗಿದ್ದು, ಮುಂದಿನ ಬೆಳೆಯಲ್ಲಿ ವ್ಯಕ್ತವಾಗುತ್ತದೆ. ಆದುದರಿಂದ ಉತ್ತಮ ಕಾಯಿಯನ್ನು ಆರಿಸಿ ಬೀಜ ಇಟ್ಟುಕೊಂಡರಷ್ಟೇ ಸಾಲದು, ಪರಾಗಸ್ಪರ್ಶವನ್ನೂ ನಿಯಂತ್ರಿಸಬೇಕು.

ಸ್ವಕೀಯ ಪರಾಗಸ್ಪರ್ಶದ ವಿಧಾನ

1. ಮರುದಿನ ಅರಳಲಿರುವ, ತುದಿ ಹಳದಿಗೆ ತಿರುಗಿದ ಗಂಡು ಮತ್ತು ಹೆಣ್ಣು ಮೊಗ್ಗುಗಳನ್ನು ಸಂಜೆಯೇ ಗುರುತಿಸಿ, ತುದಿಯನ್ನು ದಾರದಿಂದ ಕಟ್ಟಬೇಕು. ದಳಗಳ ಕೆಳಗೆ ಪುಟ್ಟ ಕಾಯಿಯಂತಹ ಭಾಗವಿರುವುದೇ ಹೆಣ್ಣು ಹೂ.
2. ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಅದೇ ಬಳ್ಳಿಯ ಗಂಡು ಹೂವನ್ನು ಕಿತ್ತು, ದಳಗಳನ್ನು ತೆಗೆದು, ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಸವರಬೇಕು.
3. ಹೆಣ್ಣು ಹೂವನ್ನು ಕೂಡಲೇ ಪುನಃ ಕಟ್ಟಿ, ದಿನಾಂಕ ಮತ್ತು ಬಳ್ಳಿಯ ಸಂಖ್ಯೆ ಬರೆದ ಚೀಟಿಯನ್ನು ತೊಟ್ಟಿಗೆ ಕಟ್ಟಬೇಕು.
4. ಪೂರ್ಣವಾಗಿ ಬಲಿತ ಕಾಯಿಯನ್ನು ಕೊಯ್ದು, ಕೆಲವು ವಾರ ಇಟ್ಟು, ನಂತರ ಬೀಜ ತೆಗೆಯಬೇಕು. ಕಹಿ ಕಾಯಿಯ ಬೀಜವನ್ನು ಬಳಸಬಾರದು.

ಸಂಕರಣ

ಎರಡು ತಳಿಗಳ ಉತ್ತಮ ಗುಣಗಳನ್ನು, ಉದಾಹರಣೆಗೆ ಒಂದರ ದಪ್ಪ ತಿರುಳು ಹಾಗೂ ಇನ್ನೊಂದರ ಸಣ್ಣ ಗಾತ್ರವನ್ನು, ಒಗ್ಗೂಡಿಸಲು ಇದೇ ವಿಧಾನದಲ್ಲಿ ಬೇರೆ ತಳಿಯ ಪರಾಗವನ್ನು ಬಳಸಬೇಕು. ಮೂಲ ತಳಿಗಳು ಶುದ್ಧವಾಗಿದ್ದಲ್ಲಿ ಮೊದಲ ಪೀಳಿಗೆಯ ಬಳ್ಳಿಗಳು ಏಕರೂಪವಾಗಿರುತ್ತವೆ. ಎರಡನೆಯ ಪೀಳಿಗೆಯಲ್ಲಿ ಗುಣಗಳು ಬೇರ್ಪಡುತ್ತವೆ. ಹೈಬ್ರಿಡ್ ಬೆಳೆಯಿಂದ ಇಟ್ಟುಕೊಂಡ ಬೀಜ ನಿರಾಶೆಗೊಳಿಸುವುದು ಇದರಿಂದಲೇ. ಎರಡನೆಯ ಪೀಳಿಗೆಯಿಂದ ಬೇಕಾದ ಬಳ್ಳಿಗಳನ್ನು ಮಾತ್ರ ಆರಿಸಿ ಸ್ವಕೀಯ ಪರಾಗಸ್ಪರ್ಶವನ್ನು ಮುಂದುವರಿಸಬೇಕು. ಪ್ರತಿ ಪೀಳಿಗೆಗೆ ಮಿಶ್ರಗುಣವು ಅರ್ಧದಷ್ಟು ಕಡಿಮೆಯಾಗಿ, ಆರನೆಯ ಪೀಳಿಗೆಯಲ್ಲಿ ಸುಮಾರು ಶೇ. 3ಕ್ಕೆ ಇಳಿಯುತ್ತದೆ.

ಗಮನಿಸಬೇಕಾದ ಅಂಶಗಳು

• ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಚಂದನ್ ಮತ್ತು ಅರ್ಕ ಸೂರ್ಯಮುಖಿ ಬೇರೆ ಬೇರೆ ಪ್ರಭೇದಗಳಿಗೆ ಸೇರಿವೆ. ಇಂತಹ ಪ್ರಭೇದಗಳ ನಡುವೆ ಸಂಕರಣ ಕಷ್ಟಸಾಧ್ಯ.
• ಬೂದುಗುಂಬಳವು ಬೇರೆಯೇ ಕುಲದ ಸಸ್ಯ, ಸಿಹಿಕುಂಬಳದೊಂದಿಗೆ ಬೆರೆಯುವುದಿಲ್ಲ.

ತಳಿ ನೋಂದಣಿ

ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರನ್ವಯ ಹೊಸ ತಳಿಯನ್ನು ಅಭಿವೃದ್ಧಿಪಡಿಸಿದ ರೈತರೂ ನೋಂದಣಿಗೆ ಅರ್ಹರು. ರೈತರ ತಳಿಗಳ ನೋಂದಣಿಗೆ ಶುಲ್ಕವಿರುವುದಿಲ್ಲ. ತಳಿಯು ಇತರ ತಳಿಗಳಿಂದ ಭಿನ್ನವಾಗಿದೆಯೇ, ಏಕರೂಪವಾಗಿದೆಯೇ ಮತ್ತು ಸ್ಥಿರವಾಗಿದೆಯೇ ಎಂಬುದನ್ನು ಪರೀಕ್ಷಿಸಲಾಗುತ್ತದೆ. ಸಂಕರಣದಿಂದ ಪಡೆದ ಹೊಸ ತಳಿಯ ಅರ್ಜಿಯಲ್ಲಿ ಮೂಲ ತಳಿಗಳ ವಿವರವನ್ನೂ ನೀಡಬೇಕಾಗುತ್ತದೆ. ಆದ್ದರಿಂದ ಮೊದಲ ಬೆಳೆಯಿಂದಲೇ ಬಳ್ಳಿಯ ಸಂಖ್ಯೆ, ಪರಾಗ ಪಡೆದ ಬಳ್ಳಿ, ದಿನಾಂಕ ಹಾಗೂ ಕಾಯಿಯ ಗುಣಗಳನ್ನು ಪುಸ್ತಕದಲ್ಲಿ ದಾಖಲಿಸುವುದು ಸೂಕ್ತ.

ಹೆಚ್ಚಿನ ಮಾಹಿತಿಗೆ ಸಮೀಪದ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.