ಹಳೆಯ ಲೈಲಾಕ್ ಗಿಡ ಸ್ಥಳಾಂತರ: ಗುಂಡಿ ತುಂಬ ಗೊಬ್ಬರ ಹಾಕಿದರೆ ಬದುಕುತ್ತದೆಯೇ?

ಗಿಡ ನೆಡುವುದೆಂದರೆ ಗುಂಡಿಗೆ ಧಾರಾಳವಾಗಿ ಗೊಬ್ಬರ ಹಾಕಬೇಕು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಅಮೆರಿಕ, ಕೆನಡಾದ ಚಳಿ ಪ್ರದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಹಿತ್ತಲಿನ ಹಳೆಯ ಲೈಲಾಕ್ ಪೊದೆಯನ್ನು ಬೇರೆಡೆ ನೆಡುವಾಗ ಹಾಗೇ ಅನ್ನಿಸಬಹುದು. ಆದರೆ ಕಿತ್ತು ನೆಟ್ಟ ಹಳೆಯ ಗಿಡ ಸಾಮಾನ್ಯವಾಗಿ ಸಾಯುವುದು ಗೊಬ್ಬರ ಸಾಲದೆ ಅಲ್ಲ, ಬೇರು ಕಳೆದುಕೊಂಡು ನೀರು ಸಾಲದೆ.

ಲೈಲಾಕ್ ನಮ್ಮ ಮಲ್ಲಿಗೆ, ಪಾರಿಜಾತಗಳ ಕುಟುಂಬಕ್ಕೇ ಸೇರಿದ್ದು. ಸಾಮಾನ್ಯ ಲೈಲಾಕ್‌ನ ತವರು ಯುರೋಪಿನ ಬಾಲ್ಕನ್ ಬೆಟ್ಟಗಾಡು. ಚೆನ್ನಾಗಿ ಹೂಬಿಡಲು ಅದಕ್ಕೆ ಕೊರೆಯುವ ಚಳಿಗಾಲ ಬೇಕು. ಹಾಗಾಗಿಯೇ ಬೆಂಗಳೂರಿಗೆ ಅದು ಒಗ್ಗುವುದಿಲ್ಲ.

ಗೊಬ್ಬರದ ಗುಂಡಿಯಲ್ಲಿ ತೊಂದರೆಯೇನು?

ಸುತ್ತಲಿನ ಮಣ್ಣು ಜಿಗುಟಾಗಿದ್ದು ಗುಂಡಿಯೊಳಗಿನದು ಮಾತ್ರ ಹಗುರವಾಗಿದ್ದರೆ, ಮಳೆ ನೀರು ಬೋಗುಣಿಯಲ್ಲಿ ನಿಂತಂತೆ ಅಲ್ಲೇ ನಿಲ್ಲುತ್ತದೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಗೊಬ್ಬರ ಕರಗಿದಂತೆ ಮಣ್ಣು ಕುಸಿದು ಗಿಡ ಆಳಕ್ಕೆ ಇಳಿಯುತ್ತದೆ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆಯುತ್ತದೆ, ಹೂ ಕಡಿಮೆಯಾಗುತ್ತದೆ. ಆದ್ದರಿಂದ ಅಗೆದು ತೆಗೆದ ಮಣ್ಣನ್ನೇ ಹೆಂಟೆ ಒಡೆದು ವಾಪಸ್ ತುಂಬಿ. ಕಾಂಪೋಸ್ಟ್ ಹಾಕಲೇಬೇಕೆನಿಸಿದರೆ ಮೇಲೆ ತೆಳುವಾಗಿ ಹರಡಿ.

ಲೈಲಾಕ್‌ಗೆ ಸುಣ್ಣ ಬೇಕೇ ಬೇಕು ಎಂಬ ಮಾತೂ ಪೂರ್ತಿ ನಿಜವಲ್ಲ. ಮಣ್ಣಿನ ಪಿಎಚ್ 6.5ರಿಂದ 7ರ ಆಸುಪಾಸಿನಲ್ಲಿದ್ದರೆ ಸಾಕು. ಮಣ್ಣು ಪರೀಕ್ಷೆಯಲ್ಲಿ ಹುಳಿ ಹೆಚ್ಚೆಂದು ಕಂಡರೆ ಮಾತ್ರ ಸುಣ್ಣ ಹಾಕಿ.

ಸರಿಯಾದ ಕ್ರಮ

ಮೊದಲು ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳುವ ಜಾಗ ಹುಡುಕಿ. ಅಲ್ಲಿ 1 ಅಡಿ ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಬೇಡ.

ಎಲೆ ಉದುರಿದ ಮೇಲೆ, ನೆಲ ಹೆಪ್ಪುಗಟ್ಟುವ ಮೊದಲು ಅಥವಾ ವಸಂತದಲ್ಲಿ ಮೊಗ್ಗು ಒಡೆಯುವ ಮೊದಲು ಗಿಡ ಕೀಳಿ. ಎಲೆ ಇಲ್ಲದಾಗ ಗಿಡ ಕಳೆದುಕೊಳ್ಳುವ ನೀರು ಕಡಿಮೆ. ಕೆಲವು ತಿಂಗಳು ಮೊದಲೇ ಸುತ್ತಲೂ ಸನಿಕೆ ಇಳಿಸಿ ಬೇರು ಕತ್ತರಿಸಿದ್ದರೆ, ಬುಡದ ಹತ್ತಿರವೇ ಹೊಸ ಬೇರು ಮೂಡಿರುತ್ತದೆ.

ಬೇರಿನ ಸುತ್ತಲ ಮಣ್ಣು ಉದುರದಂತೆ ಗಿಡವನ್ನು ಟಾರ್ಪಾಲಿನ ಮೇಲಿಟ್ಟು ಎಳೆಯಿರಿ. 2 ಅಡಿ ಅಗಲ, 1 ಅಡಿ ಆಳದ ಮಣ್ಣಿನ ಮುದ್ದೆಯೇ 100 ಕಿಲೋ ದಾಟಬಹುದು, ಒಬ್ಬರೇ ಎತ್ತಲು ಹೋಗಬೇಡಿ. ಹೊಸ ಗುಂಡಿ ಆ ಮುದ್ದೆಯ ಎರಡು ಪಟ್ಟು ಅಗಲವಿರಲಿ, ಆಳ ಮಾತ್ರ ಅಷ್ಟೇ ಇರಲಿ.

ಬೇರು ಕಡಿಮೆಯಾಯಿತೆಂದು ಕೊಂಬೆಗಳನ್ನು ಬೋಳಿಸಬೇಡಿ. ಹೊಸ ಬೇರು ಬೆಳೆಯಲು ಆಹಾರ ಒದಗಿಸುವುದು ಎಲೆಗಳೇ. ಒಣಗಿದ, ಮುರಿದ ಕೊಂಬೆ ತೆಗೆದರೆ ಸಾಕು.

ನೆಟ್ಟ ಮೇಲಿನ ಮೊದಲ ಬೇಸಿಗೆಯೇ ನಿಜವಾದ ಪರೀಕ್ಷೆ. ಮಣ್ಣಿಗೆ ಬೆರಳಿಳಿಸಿ ನೋಡಿ, 2 ಇಂಚು ಕೆಳಗೂ ಒಣಗಿದ್ದರೆ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಒಂದೆರಡು ವರ್ಷ ಹೂ ಬಿಡದಿದ್ದರೆ ಗಾಬರಿ ಬೇಡ, ಗಿಡ ಮೊದಲು ಬೇರು ಕಟ್ಟಿಕೊಳ್ಳುತ್ತಿರುತ್ತದೆ.

ಪೊದೆ ಎತ್ತಲಾಗದಷ್ಟು ದೊಡ್ಡದೇ? ಬುಡದಲ್ಲಿ ಎದ್ದ ಮರಿಗಿಡವನ್ನು ಬೇರು ಸಮೇತ ತೆಗೆದು ನೆಡಿ. ತಾಯಿ ಗಿಡ ಕಸಿ ಮಾಡಿದ್ದಲ್ಲದಿದ್ದರೆ, ಕೆಲವು ವರ್ಷಗಳಲ್ಲಿ ಅದೇ ಹೂ, ಅದೇ ಪರಿಮಳ ನಿಮ್ಮದಾಗುತ್ತದೆ.